ಹಸಿರು ಬಾವುಟ ಹಿಡಿದ ಹೆಬ್ಬೆರಳು

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೂ ಎರಡಾಗಿ ಸೀಳಿತ್ತು. ಜೋಲಾರ್‌ಪೇಟೆಯಲ್ಲಿ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯ ಬಾಗಿಲು ಬಡಿದು ಆದದ್ದಂತೆ. ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಮಾತು ಬಿಟ್ಟ ಓರಗಿತ್ತಿಯರ ಹಾಗೆ ಎರಡು ಹೋಳೂ ಬೇರೆ ಬೇರೆಯಾಗಿ ಬೆಳೆಯುತ್ತಿದ್ದವು. ಆ ಬೆರಳನ್ನು ನಾನು ಆರು ವರ್ಷ, ದಿನಾ ಬೆಳಿಗ್ಗೆ ಆರು ಹತ್ತಕ್ಕೆ ಸರಿಯಾಗಿ ನೋಡಿದ್ದೇನೆ. ಅವರ ಮುಖ ನೋಡಿದ್ದು ಒಂದು ಹತ್ತು ಹನ್ನೆರಡು ಸಲ ಇರಬಹುದು.

ಅವರು ನಮ್ಮ ವಾಟ್ಸಾಪ್ ಗುಂಪಿನ ಅಡ್ಮಿನ್. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅರಸೀಕೆರೆ ಕಡೆಯವರು, ಮದರಾಸಿಗೆ ಬಂದು ನಲವತ್ತು ವರ್ಷ ದಾಟಿತ್ತು, ಮದುವೆಯಾಗಿರಲಿಲ್ಲ. ಎಲ್ಲರಿಗೂ ಗಾರ್ಡ್ ಮಾಮ. ವೇಲಚೇರಿಗೆ ನೀರು ನುಗ್ಗಿದ ವರ್ಷ ನೆಲಮಹಡಿಯಲ್ಲಿದ್ದ ಕನ್ನಡದ ಮನೆಗಳನ್ನು ಒಬ್ಬರಿಂದೊಬ್ಬರಿಗೆ ಕೇಳಿ ಪತ್ತೆಹಚ್ಚಿ, ಯಾರು ಯಾವ ಮಹಡಿ ಹತ್ತಿದ್ದಾರೆ, ಯಾರ ಮನೆಯಲ್ಲಿ ಹಾಲಿದೆ, ಯಾರಿಗೆ ಮಾತ್ರೆ ಬೇಕು ಎಂದು ಗುರುತು ಹಾಕಿಕೊಂಡಿದ್ದರು. ನೀರು ಇಳಿದ ಮೇಲೆ ಆ ಪಟ್ಟಿಯೇ ಗುಂಪಾಯಿತು. ಹೆಸರು ‘ಕನ್ನಡ ಪ್ಯಾಸೆಂಜರ್’.

"ಎಕ್ಸ್‌ಪ್ರೆಸ್ ಅಂತ ಇಡಬಹುದಿತ್ತಲ್ಲ ಮಾಮ?" ಎಂದು ಯಾರೋ ಕೇಳಿದ್ದಕ್ಕೆ, "ಎಕ್ಸ್‌ಪ್ರೆಸ್ಸು ಸಣ್ಣ ಸ್ಟೇಷನ್‌ಲಿ ನಿಲ್ಲಲ್ಲಪ್ಪ. ಇದು ಎಲ್ಲಾ ಕಡೆ ನಿಲ್ಲುತ್ತೆ," ಎಂದಿದ್ದರು.

ನಿಂತೂ ನಿಂತೂ ಅದು ಎಲ್ಲೆಲ್ಲೋ ಹೋಗಿತ್ತು. ಮಣಲಿಯ ಎಣ್ಣೆ ಕಾರ್ಖಾನೆಗಳ ಕಡೆಯಿಂದ, ಕೀಲ್ಪಾಕ್‌ನಿಂದ, ಪೆರಂಬೂರಿನಿಂದೆಲ್ಲ ಜನ ಸೇರಿ ನೂರೆಂಬತ್ತು ಚಿಲ್ಲರೆ ಆಗಿದ್ದೆವು. ಹೊಸಬರು ಸೇರಿದರೆ ‘ಹತ್ತಿದರು’ ಎಂದು ಬರೆಯುತ್ತಿದ್ದರು, ಬಿಟ್ಟು ಹೋದರೆ ‘ಇಳಿದರು’. ಶುಭೋದಯದ ಗುಲಾಬಿ ಹೂವು ಕಳಿಸಿದವರಿಗೆ ‘ಲಗೇಜ್ ಜಾಸ್ತಿ ಆಯಿತು’ ಎಂಬ ಎಚ್ಚರಿಕೆ. ಯಾರಾದರೂ ಮನೆಮದ್ದಿನ ವಿಡಿಯೋ ಹಾಕಿದರೆ ಅದರ ಕೆಳಗೆ ಒಂದೇ ಸಾಲು: ‘ನೀವು ಕುಡಿದಿರಾ?’

ದಿನಾ ಬೆಳಿಗ್ಗೆ ಆರು ಹತ್ತಕ್ಕೆ ಹಾಜರಿ. ತಮ್ಮ ಮನೆಯ ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಡ್ಯೂಟಿಯ ಕಾಲದ ಹಸಿರು ಬಾವುಟ ಹಿಡಿದು, ಎಡಗೈಯಲ್ಲಿ ಅದರ ಫೋಟೋ ತೆಗೆದು ಹಾಕುತ್ತಿದ್ದರು. ಬಣ್ಣ ಹೋಗಿ ಬಾವುಟ ಬೇಯಿಸಿದ ಸೊಪ್ಪಿನಂತಾಗಿತ್ತು. ಕೋಲಿನ ಮೇಲೆ ಆ ಸೀಳು ಉಗುರಿನ ಹೆಬ್ಬೆರಳು. ಕೆಳಗೆ ‘ಆಲ್ ರೈಟ್?’ ಎಂಬ ಪ್ರಶ್ನೆ. ಗಾಡಿ ಹೊರಡುವಾಗ ಗಾರ್ಡು ಮತ್ತು ಡ್ರೈವರು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಸನ್ನೆಯದು. ಎಲ್ಲರೂ ‘ಆಲ್ ರೈಟ್’ ಎಂದು ಉತ್ತರ ಬರೆಯಬೇಕು. ಸಂಸಾರಸ್ಥರು ಒಂದು ದಿನ ತಪ್ಪಿಸಿದರೆ ಅವರು ಕೇಳುತ್ತಿರಲಿಲ್ಲ. ಒಂಟಿಯಾಗಿರುವವರು ಏಳು ಜನ ಇದ್ದೆವು. ನಾವು ತಪ್ಪಿಸಿದರೆ ಏಳೂವರೆಗೆ ಫೋನ್ ಬರುತ್ತಿತ್ತು.

"ಏನ್ ತಾಯೀ, ಹಾಜರಿ ಇಲ್ಲ? ಎರಡು ಪದ ಒತ್ತಿದ್ರೆ ಬೆರಳು ಸವೆದೋಗುತ್ತಾ?"

"ಚೆನ್ನಾಗಿದೀನಿ ಮಾಮ, ಮಲಗಿದ್ದೆ."

"ಫೋನಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ. ಅಲ್ಲಿ ಬರೀ. ನಾಲಕ್ ಜನ ನೋಡಲಿ."

ನಾನು ವಿಮಾ ಕಂಪನಿಯ ಕೆಲಸಕ್ಕೆಂದು ಹಾಸನದಿಂದ ಬಂದವಳು. ಒಂದು ಮದುವೆ ಮಾಡಿಕೊಂಡು, ಸಾಕೆನಿಸಿ, ವೇಲಚೇರಿಯ ಎರಡನೇ ಮಹಡಿಯಲ್ಲಿ ನನ್ನ ಪಾಡಿಗೆ ಇರುವವಳು. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎಂಬುದೇ ನನ್ನ ಬಾಳಿನ ದೊಡ್ಡ ಸುಖವಾಗಿತ್ತು. ಅಂಥವಳಿಗೆ ದಿನಾ ಬೆಳಿಗ್ಗೆ ನಾನಿನ್ನೂ ಸತ್ತಿಲ್ಲ ಎಂದು ನೂರೆಂಬತ್ತು ಜನರಿಗೆ ತಿಳಿಸುವ ಈ ಏರ್ಪಾಡು ಮೈ ಉರಿಸುತ್ತಿತ್ತು. ಆದರೂ ಬರೆಯುತ್ತಿದ್ದೆ. ಬರೆಯದಿದ್ದರೆ ಏಳೂವರೆಯ ಫೋನು.

ಅವರಿಗೆ ಎಲ್ಲದಕ್ಕೂ ಗಂಟೆ ನಿಮಿಷ ಹಾಕಿ ಬರೆದಿಡುವ ಚಟ. ಗಾಡಿಯಲ್ಲಿದ್ದಾಗ ಹಾಗೆ ಬರೆಯುವುದೇ ಗಾರ್ಡಿನ ಕೆಲಸವಂತೆ. ಒಮ್ಮೆ ನನ್ನ ಮನೆಗೆ ಬಂದು ಕಾಫಿ ಕುಡಿದವರು ಜೇಬಿನಿಂದ ಚೀಟಿ ತೆಗೆದು, ‘೪.೫೦. ಕಾಫಿ. ಚಿಕೋರಿ ಜಾಸ್ತಿ’ ಎಂದು ಬರೆದುಕೊಂಡರು. ನನ್ನೆದುರಿಗೇ! ಇನ್ನೊಂದು ಮಾತು ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. "ಇಂಜಿನ್ ಬಂದ್ರೆ ಗಾಡಿ ಬಂತು ಅಂತಲ್ಲ ತಾಯೀ. ಕೊನೇ ಡಬ್ಬಿ ಕಣ್ಣಿಗೆ ಬಿದ್ಮೇಲೆ ಬಂತು ಅಂತ." ಸಭೆಯಲ್ಲಿ ಊಟ ಶುರುಮಾಡುವ ಮೊದಲು, ಗುಂಪಾಗಿ ಬೀದಿ ದಾಟುವಾಗ, ಎಲ್ಲಾ ಕಡೆಯೂ ಇದನ್ನು ಹೇಳಿ ನಮ್ಮನ್ನು ಕಾಯಿಸುತ್ತಿದ್ದರು. ಹಿಂದೆ ಉಳಿದವರು ಬಂದು ಸೇರುವಷ್ಟರಲ್ಲಿ ಪಾಯಸ ಆರಿ ಹೋಗಿರುತ್ತಿತ್ತು.

ಇಂಥವರನ್ನು ಕಳೆದುಕೊಂಡದ್ದು ಬೇಳೆಯಿಂದ.

ಯುಗಾದಿಗೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ ಎಂದು ಗುಂಪಿನಲ್ಲಿ ಮಾತು ಬಂತು. ಒಬ್ಬಟ್ಟು ನನ್ನ ಪಾಲಿಗೆ. ತೊಗರಿಬೇಳೆ ಎಷ್ಟು ಬೇಕೆಂದು ನಾನು ಕೇಳಿದ್ದೇ ತಡ, ಗದಗಿನ ಬ್ಯಾಂಕ್ ಮ್ಯಾನೇಜರೊಬ್ಬರು, ‘ಹೋಳಿಗೀಗೆ ಕಡ್ಲಿಬ್ಯಾಳಿ ಹಾಕ್ತಾರ್ರೀ. ತೊಗರಿಬ್ಯಾಳಿ ಸಾರಿಗೆ’ ಎಂದು ಬರೆದರು. ನಮ್ಮಜ್ಜಿ ಮಾಡುತ್ತಿದ್ದುದನ್ನು ಸಾರು ಎಂದವರನ್ನು ಸುಮ್ಮನೆ ಬಿಡುವ ಹೆಂಗಸು ನಾನಲ್ಲ. ಶುಕ್ರವಾರ ಸಂಜೆ ಶುರುವಾದದ್ದು ಶನಿವಾರ ಸಂಜೆಯಾದರೂ ಮುಗಿಯಲಿಲ್ಲ. ಮೈಸೂರು, ಮಂಡ್ಯ, ತುಮಕೂರು ನನ್ನ ಕಡೆ. ಹುಬ್ಬಳ್ಳಿ, ಬಿಜಾಪುರ ಅವರ ಕಡೆ. ಕರಾವಳಿಯವರೊಬ್ಬರು ನಡುವೆ ಬಂದು ತೆಂಗಿನಕಾಯಿಯ ಮಾತೆತ್ತಿ ಎರಡೂ ಕಡೆಯಿಂದ ಬೈಸಿಕೊಂಡರು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ತಮಿಳಿನಲ್ಲಿ, ಎರಡೂ ಹಾಕಿದರೆ ಏನಾಗುತ್ತದೆ ಎಂದು ಕೇಳಿದಳು. ಅವಳಿಗೆ ಯಾರೂ ಉತ್ತರವನ್ನೇ ಕೊಡಲಿಲ್ಲ.

ಗಾರ್ಡ್ ಮಾಮ ಎರಡು ಸಲ, ‘ಸಾಕು’ ಎಂದರು. ಮೂರನೇ ಸಲ, ‘ತಾಯೀ, ಬೇಳೆ ಯಾವುದಾದರೇನು, ಬೆಂದರೆ ಸಾಕು’ ಎಂದು ಬರೆದರು.

ನಾನು ಏನು ಬರೆದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ‘ಅಡುಗೆ ಮಾಡುವವರು ಮಾತಾಡುತ್ತಿದ್ದೇವೆ. ದಿನಾ ಮೆಸ್ಸಿನ ಕ್ಯಾರಿಯರ್ ಬಿಚ್ಚಿ ಉಣ್ಣುವವರು ಸುಮ್ಮನಿರಬಹುದು’ ಎಂದು ಬರೆದೆ. ಎಲ್ಲರಿಗೂ ಕಾಣುವ ಹಾಗೆ. ಹತ್ತಾರು ಜನ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖ ಒತ್ತಿದರು. ನನಗೆ ಗೆದ್ದೆ ಅನ್ನಿಸಿತು.

ಹತ್ತು ನಿಮಿಷದ ಮೇಲೆ ಅವರ ಸಂದೇಶ ಬಂತು: ‘೬.೩೫. ಗಾಡಿ ನಿಲ್ಲಿಸಿದ್ದೇನೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿರಿ. ಸಿಗ್ನಲ್ ಸಿಕ್ಕ ಮೇಲೆ ಹೊರಡುತ್ತದೆ.’ ಅದರ ಕೆಳಗೆ, ಇನ್ನು ಅಡ್ಮಿನ್ ಮಾತ್ರ ಸಂದೇಶ ಕಳಿಸಬಹುದು ಎಂಬ ಸೂಚನೆ. ಬರೆಯುವ ಜಾಗವೇ ಮಾಯವಾಗಿತ್ತು. ಇಡೀ ಗುಂಪಿಗೆ ಅವರೊಬ್ಬರೇ ಅಡ್ಮಿನ್. ನಾನು ಅಷ್ಟರಲ್ಲಿ ಟೈಪು ಮಾಡಿಟ್ಟಿದ್ದ ಇನ್ನೊಂದು ಒಳ್ಳೆಯ ಬೈಗುಳ ವ್ಯರ್ಥವಾಯಿತಲ್ಲ ಎಂದು ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಮರುದಿನ ಭಾನುವಾರ. ಆರು ಹತ್ತಕ್ಕೆ ಬಾವುಟ ಬರಲಿಲ್ಲ. ಮುನಿಸು ಎಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಸಾರಿಗೆ ಒಗ್ಗರಣೆ ಹಾಕಿ ಒಲೆ ಆರಿಸುತ್ತಿದ್ದೆ, ಬೆಲ್ ಆಯಿತು. ಬಾಗಿಲ ಕಿಂಡಿಯಲ್ಲಿ ನೋಡಿದರೆ ಗಾರ್ಡ್ ಮಾಮನ ಖಾಕಿ ಟೋಪಿ, ಹೆಗಲಲ್ಲಿ ಬಟ್ಟೆ ಚೀಲ. ಬಂದರು ಬುದ್ಧಿ ಹೇಳಲು, ಎನ್ನಿಸಿತು. ಸದ್ದು ಮಾಡದೆ ನಿಂತೆ. ಬೆಲ್ ಇನ್ನೊಮ್ಮೆ ಆಯಿತು. ಮೂರನೇ ಸಲ ಆಗಲಿಲ್ಲ. ಅವರು ಬಾಗಿಲ ಹತ್ತಿರ ಕಿವಿ ತಂದು ಸ್ವಲ್ಪ ಹೊತ್ತು ನಿಂತರು, ಜೇಬಿನಿಂದ ಏನೋ ತೆಗೆದರು, ಆಮೇಲೆ ಮೆಟ್ಟಿಲಿಳಿದು ಹೋದರು. ಚಪ್ಪಲಿಯ ಸದ್ದು ಕೆಳಗಿನ ಗೇಟು ದಾಟುವವರೆಗೂ ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ಆ ದಿನದ ಸಾರು ಬಹಳ ರುಚಿಯಾಗಿತ್ತು.

ಸೋಮವಾರವೂ ಬಾವುಟವಿಲ್ಲ. ಮಂಗಳವಾರವೂ ಇಲ್ಲ. ನಿಜ ಹೇಳಬೇಕೆಂದರೆ ಯಾರಿಗೂ ಬೇಜಾರಾಗಲಿಲ್ಲ. ನೂರೆಂಬತ್ತು ಜನ ನೆಮ್ಮದಿಯಾಗಿ ಹಾಸಿಗೆಯಲ್ಲಿ ಹೊರಳಿಕೊಂಡೆವು. ದಿನಾ ಎಲ್ಲರೂ ಇದ್ದಾರೆಯೇ ಎಂದು ನೋಡುತ್ತಿದ್ದವರು ಅವರೊಬ್ಬರೇ. ಅವರು ಇದ್ದಾರೆಯೇ ಎಂದು ನೋಡುವ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅಕ್ಕಾರ, ನಾ ಕಡ್ಲಿಬ್ಯಾಳಿ."

ಮ್ಯಾನೇಜರು! ಫೋನ್ ಇಡಬೇಕೆಂದಿದ್ದೆ. ಅವರ ದನಿ ಕೇಳಿ ಇಡಲಿಲ್ಲ.

"ಗಾರ್ಡ್ ಮಾಮಾ ಫೋನ್ ಎತ್ತವಲ್ರು. ನಿನ್ನಿಯಿಂದ ಇಪ್ಪತ್ತ್ ಸಲ ಮಾಡೇನ್ರೀ. ಶನಿವಾರ ಸಂಜಿ ನನಗ ಫೋನ್ ಹಚ್ಚಿದ್ರು. ‘ಗುಂಪಿಗೆ ಬೀಗ ಹಾಕೋದು ಹೆಂಗೋ ಆಗಿಬಿಡ್ತಪ್ಪ, ತೆಗೆಯೋದು ಹೆಂಗೆ, ಹೇಳಿಕೊಡು’ ಅಂದ್ರು. ನನಗ ನಿಮ್ ಮ್ಯಾಲಿನ ಸಿಟ್ಟು. ‘ನಾಳಿಗ್ ಹೇಳ್ತೇನ್ರೀ’ ಅಂದು ಇಟ್ಬಿಟ್ಟೆ."

"ಹೇಳಿದ್ರಾ ಮತ್ತೆ?"

"ಮರತೇ ಬಿಟ್ಟೆ ಅಕ್ಕಾರ."

ಇಬ್ಬರೂ ಆಟೋ ಮಾಡಿಕೊಂಡು ಅವರ ಮನೆಗೆ ಹೋದೆವು. ಕೆಳಗಿದ್ದ ಮನೆ ಮಾಲೀಕರು ಇನ್ನೊಂದು ಬೀಗದ ಕೈ ತಂದು ತೆರೆದರು. ಮಂಚದ ಮೇಲೆ ಹೊದಿಕೆ ಮಡಿಸಿಟ್ಟಿತ್ತು. ತೊಳೆದ ಕ್ಯಾರಿಯರ್ ಡಬ್ಬಗಳನ್ನು ಬೋರಲು ಹಾಕಿತ್ತು. ನಾನು ಆ ಕಡೆ ನೋಡಲಿಲ್ಲ. ಫೋನು ಗೋಡೆಯ ಚಾರ್ಜರಿಗೆ ಚುಚ್ಚಿಕೊಂಡೇ ಇತ್ತು. ಕಿಟಕಿಯ ಮೊಳೆಯಲ್ಲಿ ಬಾವುಟ ಇರಲಿಲ್ಲ.

ಪೊಲೀಸ್ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ಒಳ್ಳೆಯವರು, ಕಾಗದ ಎಳೆದುಕೊಂಡು, "ಪೇರ್?" ಎಂದು ಹೆಸರು ಕೇಳಿದರು.

"ಗಾರ್ಡ್ ಮಾಮ," ಎಂದೆ.

"ಎಂದ ಅಪಾರ್ಟ್‌ಮೆಂಟ್‌ಲ ಸೆಕ್ಯುರಿಟಿ?"

ಯಾವ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯೂ ಅಲ್ಲ, ರೈಲ್ವೆ ಗಾರ್ಡ್ ಎಂದು ಮ್ಯಾನೇಜರು ವಿವರಿಸಿದರು. ಅವರ ತಮಿಳು ಗದಗಿನ ಕಡೆಯದು. ಇನ್ಸ್‌ಪೆಕ್ಟರು ತಾಳ್ಮೆಯಿಂದ ಕೇಳಿ, "ಸರಿ ಸಾರ್. ಪೇರ್?" ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆರು ವರ್ಷದಲ್ಲಿ ಯಾರೂ ಅವರ ಹೆಸರು ಕೇಳಿರಲಿಲ್ಲ. ನನ್ನ ಫೋನಿನಲ್ಲಿ ‘ಗಾರ್ಡ್ ಮಾಮ’. ಮ್ಯಾನೇಜರ ಫೋನಿನಲ್ಲಿ ‘ಮಾಮಾ ರೈಲ್ವೆ’. ಹೆಸರು ಸಂಜೆ ಮಾಲೀಕರ ಬಾಡಿಗೆ ಕರಾರಿನಲ್ಲಿ ಸಿಕ್ಕಿತು. ಕೇಳಿದರೆ ಯಾರದೋ ಹೆಸರಿನ ಹಾಗಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನಗೇ ಗುರುತು ಸಿಗುವುದಿಲ್ಲ.

ಫೋಟೋ ಕೇಳಿದರು. ಗುಂಪಿನಲ್ಲಿ ಅವರು ಹಾಕಿದ ಸಾವಿರಾರು ಫೋಟೋಗಳಿದ್ದವು. ಎಲ್ಲಾ ಸಮಾರಂಭಗಳಲ್ಲೂ ಕ್ಯಾಮೆರಾ ಹಿಡಿಯುತ್ತಿದ್ದವರು ಅವರೇ ಆದ್ದರಿಂದ ನಾವೆಲ್ಲ ಇದ್ದೆವು, ಅವರು ಒಂದರಲ್ಲೂ ಇರಲಿಲ್ಲ. ಕೊನೆಗೆ ನಾನು ಬಾವುಟದ ಫೋಟೋ ತೋರಿಸಿದೆ.

"ಇದು ಕೈ ತಾನೇಮ್ಮಾ?"

"ಆಮಾ ಸಾರ್."

"ಆಳು ಎಂಗೆ?" ಆಳೆಲ್ಲಿ ಎಂದು ಅವರ ಪ್ರಶ್ನೆ.

"ಫೋಟೋ ಎಡುತ್ತವರೇ ಅವರು ತಾನ್ ಸಾರ್," ಎಂದೆ. ಫೋಟೋ ತೆಗೆದವರೇ ಮಾಮ ಎಂದರೆ ಇನ್ಸ್‌ಪೆಕ್ಟರು ತಾನೇ ಏನು ಮಾಡಿಯಾರು? ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ನಗು ತಡೆಯಲು ಎದ್ದು ನೀರು ಕುಡಿಯಲು ಹೋದ.

ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಗು ಬರಲಿಲ್ಲ. "ಕಡೈಸಿಯಾ ಯಾರ್ ಪಾತ್ತದು?"

ಕೊನೆಯದಾಗಿ ನೋಡಿದ್ದು ಯಾರು. ನನಗೆ ತಿಳಿದ ಮಟ್ಟಿಗೆ ನಾನೇ ಎಂದೆ. ಭಾನುವಾರ, ಹತ್ತು ಗಂಟೆ ಹೊತ್ತಿಗೆ. ಏನು ಹೇಳಿದರು ಎಂದು ಕೇಳಿದರು. ಏನೂ ಹೇಳಲಿಲ್ಲ, ನಾನು ಬಾಗಿಲು ತೆಗೆಯಲಿಲ್ಲ, ಕಿಂಡಿಯಲ್ಲಿ ನೋಡಿದೆ ಎಂದೆ. ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮ್ಯಾನೇಜರು ಕೂಡ ನೋಡಿದರು. ಅವರು ತಮ್ಮ ಕರವಸ್ತ್ರ ನನ್ನ ಕಡೆ ಸರಿಸಿದಾಗಲೇ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದು.

ಹುಡುಕುವುದಕ್ಕೆ ಹೊಸ ಗುಂಪು ಮಾಡಬೇಕಾಯಿತು, ಹಳೆಯದಕ್ಕೆ ಬೀಗ ಬಿದ್ದಿತ್ತಲ್ಲ. ಅವರವರ ಫೋನಿನಲ್ಲಿ ಇದ್ದ ನಂಬರುಗಳನ್ನು ಅವರವರು ಸೇರಿಸಿದರು. ನಾನೊಂದು ಗುಂಪು ಮಾಡಿದೆ. ಅದೇ ಹೊತ್ತಿಗೆ ಮಂಡ್ಯದವರೊಬ್ಬರು ಒಂದು ಮಾಡಿದ್ದರು. ಯಾವುದು ಅಧಿಕೃತ ಎಂದು ಚರ್ಚಿಸಲು ಮೂರನೆಯದು ಹುಟ್ಟಿತು. ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರನ್ನು ಒಬ್ಬರು ಬಹಳ ಚೆನ್ನಾಗಿ ಮಾಡಿದರು. ನಡುವೆ ದೊಡ್ಡದಾಗಿ ಕೈ, ಕೈಯಲ್ಲಿ ಬಾವುಟ. ಅದು ಎಷ್ಟು ದೂರ ಹೋಯಿತೆಂದರೆ ಮಾರನೇ ದಿನ ಹಾಸನದಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿ, "ಅದೇನೇ ನಿಮ್ಮ ಮದ್ರಾಸಲ್ಲಿ ಯಾರದೋ ಕೈ ಕಳೆದೋಗಿದೆಯಂತೆ?" ಎಂದು ಕೇಳಿದರು.

ನಗಬೇಡಿ. ಅವರನ್ನು ಹುಡುಕಿಕೊಟ್ಟದ್ದು ಆ ಕೈಯೇ.

ಬುಧವಾರ ಬೆಳಿಗ್ಗೆ ಠಾಣೆಯಿಂದ ಫೋನ್ ಬಂತು. ಕೀಲ್ಪಾಕ್‌ನ ಬಸ್‌ಸ್ಟಾಪಿನಲ್ಲಿ ಭಾನುವಾರ ಮಧ್ಯಾಹ್ನ ಹಿರಿಯರೊಬ್ಬರು ಕುಸಿದು ಬಿದ್ದಿದ್ದರು. ನಿಂತಿದ್ದ ಜನ ಎತ್ತಿಕೊಂಡು ಆಸ್ಪತ್ರೆಗೆ ಹೋಗುವಷ್ಟರಲ್ಲೇ ಹೋಗಿಬಿಟ್ಟಿದ್ದರು. ಹೃದಯ. ಫೋನಿಲ್ಲ, ಗುರುತಿನ ಚೀಟಿಯಿಲ್ಲ. ಚೀಲದಲ್ಲಿ ಒಂದು ಹಸಿರು ಬಾವುಟ ಇತ್ತು. ಪೋಸ್ಟರ್ ನೋಡಿದ ಅಲ್ಲಿನ ಪೊಲೀಸರೊಬ್ಬರಿಗೆ ಅದು ನೆನಪಾಗಿತ್ತು.

ಮ್ಯಾನೇಜರು, ನಾನು ಹೋದೆವು. ಅಲ್ಲಿಯ ಸಿಬ್ಬಂದಿ ಮುಖದ ಬಟ್ಟೆ ಸರಿಸಿದರು. ನಾನು ಅವರ ಮುಖ ಸರಿಯಾಗಿ ನೋಡಿದವಳೇ ಅಲ್ಲ, ನೋಡಿದ ಮುಖವೂ ಅದಲ್ಲ ಅನ್ನಿಸಿತು. ಇದು ಅವರಲ್ಲ ಎಂದು ಒಂದು ಗಳಿಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಹೋಗಿ ಎರಡೂ ಬೇಳೆಯ ಒಬ್ಬಟ್ಟು ಮಾಡುತ್ತೇನೆ ಎಂದು ದೇವರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಮ್ಯಾನೇಜರು, "ಕೈ ತೋರಸ್ರೀ," ಎಂದರು. ಕೈ ತೋರಿಸಿದರು. ಉಗುರು ಎರಡಾಗಿ ಸೀಳಿತ್ತು.

"ಮಾಮಾನ ರೀ," ಎಂದರು ಮ್ಯಾನೇಜರು. ನಾನು ಹೂಂ ಎಂದೆ.

ಹೊರಗೆ ಬಂದು ಮೂರೂ ಗುಂಪುಗಳಿಗೆ ಸುದ್ದಿ ಹಾಕಿದೆ. ಶೋಕ ಎಂದರೆ ಅದು ಶೋಕ. ಕೈ ಮುಗಿಯುವ ಚಿತ್ರ, ಮಿಣುಕುವ ದೀಪ, ಅಲುಗಾಡುವ ತಾವರೆ, ಒಂದರ ಹಿಂದೆ ಒಂದು. ಒಬ್ಬರು ಅವಸರದಲ್ಲಿ ಕೇಕಿನ ಚಿತ್ರ ಒತ್ತಿ, ಅಳಿಸಲು ಹೋಗಿ ಇನ್ನೊಂದು ಕೇಕು ಕಳಿಸಿದರು. ಆರು ವರ್ಷದಲ್ಲಿ ಒಂದೇ ಒಂದು ‘ಆಲ್ ರೈಟ್’ ಬರೆಯದವರು, ಮಾಮ ತಮ್ಮ ತಂದೆಯ ಸಮಾನ ಎಂದು ಉದ್ದುದ್ದ ಬರೆದರು. ಬೇಳೆಯ ಜಗಳದಲ್ಲಿ ಗುಂಪು ಬಿಟ್ಟು ಇಳಿದವರೊಬ್ಬರು ಎಂಟು ಪದ್ಯ ಕಟ್ಟಿದರು. ಓದುತ್ತ ಓದುತ್ತ ನನಗೆ ಸಿಟ್ಟು ಬಂತು. ಲಗೇಜ್ ಜಾಸ್ತಿಯಾಯಿತು ಎಂದು ಹೇಳುವವರೇ ಇರಲಿಲ್ಲವಲ್ಲ.

ಆದರೆ ಇವೆಲ್ಲ ನಡೆಯುತ್ತಿದ್ದುದು ಬೇರೆ ಮನೆಯಲ್ಲಿ. ಅವರದೇ ಗುಂಪಿನಲ್ಲಿ ಅವರಿಗೊಂದು ಮಾತು ಬರೆಯಲು ಯಾರಿಗೂ ಸಾಧ್ಯವಿರಲಿಲ್ಲ. ಅವರ ಫೋನಿನ ಗುಪ್ತಸಂಖ್ಯೆ ಅವರ ಜೊತೆಗೇ ಹೋಗಿತ್ತು. ಎರಡೂ ಹಾಕಿದರೆ ಏನಾಗುತ್ತದೆ ಎಂದು ಕೇಳಿದ್ದ ಆ ಹುಡುಗಿಯೇ ದಾರಿ ಕಂಡುಹಿಡಿದಳು. ಬರೆಯಲು ಆಗದಿದ್ದರೂ, ಇರುವ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಚಿಹ್ನೆ ಇಡಬಹುದು. ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಇಟ್ಟೆವು. ಹೀಗೆ ಅವರ ಕೊನೆಯ ಮಾತಾದ ‘ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿರಿ’ ಎಂಬುದರ ಕೆಳಗೆ ನೂರೈವತ್ತಕ್ಕೂ ಹೆಚ್ಚು ಜೋಡಿ ಕೈಗಳು ಮುಗಿದು ನಿಂತವು. ಅವರು ಇದ್ದಾಗ ಅಷ್ಟು ವಿಧೇಯತೆಯನ್ನು ನಾವು ಯಾವತ್ತೂ ತೋರಿಸಿರಲಿಲ್ಲ.

ಅರಸೀಕೆರೆಯಿಂದ ಅವರ ತಂಗಿಯ ಮಗಳು ಬಂದು ಕರ್ಮಗಳನ್ನು ಮುಗಿಸಿದಳು. ಹೊರಡುವ ದಿನ ನನಗೆ ಫೋನ್ ಮಾಡಿ ಕರೆದು ಬಟ್ಟೆ ಚೀಲ ಕೈಗೆ ಕೊಟ್ಟಳು.

"ಮಾವನ ಚೀಲ ಅಕ್ಕ. ಇದ್ರಲ್ಲಿ ನಿಮ್ ಗ್ರೂಪಿನ ಕಾಗದ ಇದೆ. ನಂಗೇನೂ ಅರ್ಥ ಆಗ್ಲಿಲ್ಲ."

ಬಾವುಟ ಸುತ್ತಿಟ್ಟಿತ್ತು. ಅದರೊಳಗೆ ಕ್ಯಾಲೆಂಡರಿನ ಒಂದು ಹಾಳೆ, ಹಿಂಬದಿಯಲ್ಲಿ ಅವರ ಗುಂಡು ಅಕ್ಷರ. ಏಳು ಹೆಸರು, ಪಕ್ಕದಲ್ಲಿ ವಿಳಾಸ, ಒಂಟಿಯಾಗಿರುವ ಏಳು ಜನರದು. ಆಗ ನನಗೆ ತಿಳಿಯಿತು. ಬೀಗ ತೆಗೆಯಲು ಅವರಿಗೆ ಬರಲಿಲ್ಲ. ಬೀಗ ತೆಗೆಯದೆ ನಾವು ಹಾಜರಿ ಹಾಕುವಂತಿಲ್ಲ. ಫೋನಲ್ಲಿ ಎಲ್ಲರೂ ಚೆನ್ನಾಗೇ ಇರುತ್ತಾರೆ. ಅದಕ್ಕೆ ಎಪ್ಪತ್ತು ದಾಟಿದ ಮನುಷ್ಯ ಬೇಸಿಗೆಯ ಬಿಸಿಲಿನಲ್ಲಿ ಮನೆ ಮನೆಗೆ ಹೋಗಿ ಹಾಜರಿ ಹಾಕಿಕೊಂಡು ಬರಲು ಹೊರಟಿದ್ದರು. ಅವರು ನನಗೆ ಬುದ್ಧಿ ಹೇಳಲು ಬಂದಿರಲಿಲ್ಲ. ನಾನು ಬದುಕಿದ್ದೇನೆಯೇ ಎಂದು ನೋಡಲು ಬಂದಿದ್ದರು.

ಎಲ್ಲರ ಮುಂದೆಯೂ ಗಂಟೆ ನಿಮಿಷ ಇತ್ತು. ಒಬ್ಬರಿಗೆ, ‘೧೧.೦೫. ಮಂಡಿ ನೋವು. ಎಣ್ಣೆ ಹಚ್ಚುತ್ತಿದ್ದಾರೆ. ಆಲ್ ರೈಟ್.’ ಕೀಲ್ಪಾಕ್‌ನ ನಿವೃತ್ತ ನರ್ಸಿಗೆ, ‘೧.೨೫. ಊಟ ಬಡಿಸಿದರು. ಉಪ್ಪು ಕಡಿಮೆ. ಆಲ್ ರೈಟ್.’ ಎಲ್ಲಕ್ಕಿಂತ ಮೇಲೆ, ಮೊಟ್ಟಮೊದಲನೆಯದು ನನ್ನ ಹೆಸರು.

‘೧೦.೧೨. ಬಾಗಿಲು ತೆರೆಯಲಿಲ್ಲ. ಒಳಗೆ ಫ್ಯಾನ್ ಶಬ್ದ. ಸಾರಿನ ಒಗ್ಗರಣೆ ವಾಸನೆ, ಇಂಗು ಹೆಚ್ಚು. ಕೋಪ ಇದೆ. ಆಲ್ ರೈಟ್.’

ಅದನ್ನು ಓದಿ ನಾನು ನಕ್ಕೆ. ನಿಜವಾಗಿಯೂ ಗಟ್ಟಿಯಾಗಿ ನಕ್ಕೆ, ಆ ಹುಡುಗಿ ಗಾಬರಿಯಾದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಾಗಿಲ ಈಚೆ ನಾನು ಗೆದ್ದೆನೆಂದು ನಿಂತಿದ್ದಾಗ, ಆಚೆ ಅವರು ನನ್ನ ಕೋಪಕ್ಕೂ ಹಾಜರಿ ಕೊಟ್ಟು ಹೋಗಿದ್ದರು.

ಏಳನೆಯ ಹೆಸರಿನ ಮುಂದೆ ಏನೂ ಇರಲಿಲ್ಲ. ಮಣಲಿಯ ಟೀಚರಮ್ಮ. ಅಲ್ಲಿಗೆ ಹೋಗುವ ಬಸ್ಸಿಗೆ ಕಾಯುತ್ತಲೇ ಅವರು ಬಿದ್ದದ್ದು.

ಟೀಚರಮ್ಮನನ್ನು ನಾನು ನೋಡಿದವಳಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ‘ಆಲ್ ರೈಟ್’ ಬರೆಯುತ್ತಿದ್ದರು, ಅದು ಬಿಟ್ಟು ಆರು ವರ್ಷದಲ್ಲಿ ಬೇರೊಂದು ಪದ ಬರೆದದ್ದಿಲ್ಲ. ಮುಂದಿನ ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆ. ಹಳೆಯ ಎರಡಂತಸ್ತಿನ ಮನೆ, ಗಾಳಿಯಲ್ಲಿ ಎಣ್ಣೆಯ ವಾಸನೆ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಎಂಬತ್ತರ ಹತ್ತಿರದ ಸಣ್ಣ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು.

"ಯಾರಮ್ಮ?"

"ಕನ್ನಡ ಪ್ಯಾಸೆಂಜರ್ ಟೀಚರಮ್ಮ. ಹಾಜರಿಗೆ ಬಂದೆ."

"ಅಂತೂ ಬಂದ್ರಲ್ಲ ಒಬ್ಬರು," ಎಂದು ಸ್ಟೂಲು ಎಳೆದು ಹಾಕಿದರು. "ಎರಡು ವಾರ ಆಯ್ತು ಕಣೇ, ಬರೆಯೋಕೇ ಬರ್ತಿಲ್ಲ ಅದರಲ್ಲಿ. ನಾನು ಇದೀನೋ ಹೋದ್ನೋ ಅಂತ ಯಾರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎದ್ದು ಫೋನ್ ಹಿಡಕೊಂಡು ಕೂತ್ಕೊತೀನಿ. ಸಿಗ್ನಲ್ ಕೊಡ್ತೀನಿ ಅಂದೋನು ಕೊಡ್ಲೇ ಇಲ್ಲ ನೋಡು."

ಇವರಿಗೆ ಗೊತ್ತಿಲ್ಲ ಎಂದು ಆಗ ಹೊಳೆಯಿತು. ನಾವು ಮಾಡಿದ ಮೂರು ಗುಂಪಿನಲ್ಲಿ ಒಂದಕ್ಕೂ ಇವರನ್ನು ಸೇರಿಸಿರಲಿಲ್ಲ. ಯಾರ ಫೋನಿನಲ್ಲೂ ಇವರ ನಂಬರೇ ಇರಲಿಲ್ಲ, ಹಳೆಯ ಗುಂಪಿನ ಸದಸ್ಯರ ಪಟ್ಟಿ ತೆರೆದು ನೋಡಲು ಯಾರಿಗೂ ಹೊಳೆದಿರಲಿಲ್ಲ. ಅವರು ಫೋನು ನನ್ನ ಮುಂದೆ ಹಿಡಿದರು. ಗಾಡಿ ನಿಲ್ಲಿಸಿದ ಆ ಸಂದೇಶ, ಕೆಳಗೆ ಮುಗಿದ ಕೈಗಳು.

"ಆದ್ರೂ ಒಂದು ಒಳ್ಳೇದಾಯ್ತು. ಎಲ್ರೂ ಹೆಂಗೆ ಕೈ ಮುಗಿದಿದಾರೆ ನೋಡು. ಕೊನೆಗೂ ಅವನ ಮಾತು ಕೇಳಿದ್ರಲ್ಲ ಈ ಜನ, ಅಂತ ಖುಷಿಯಾಯ್ತು. ಪಕ್ಕದ ಮನೆ ಹುಡುಗೀನ ಕೇಳಿ ನಾನೂ ಮುಗಿದೆ."

ನಾನು ಅವರ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಬೇಳೆ, ಕ್ಯಾರಿಯರಿನ ಮಾತು, ಬಾಗಿಲು, ಬಸ್‌ಸ್ಟಾಪು. ಒಂದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಇಲ್ಲಿಗೇ ಬರ್ತಿದ್ನಾ?" ಎಂದರು.

"ಹೌದು ಟೀಚರಮ್ಮ."

"ಆ ಬಿಸಿಲಲ್ಲಿ." ಕನ್ನಡಕ ಪಕ್ಕಕ್ಕಿಟ್ಟು, "ಅವನಿಗೆ ಸಕ್ಕರೆ ಕಾಯಿಲೆ. ಒಬ್ಬಟ್ಟೇ ತಿನ್ನೋ ಹಾಗಿರಲಿಲ್ಲ, ಗೊತ್ತಾ ನಿಮಗೆ?" ಎಂದರು.

ಗೊತ್ತಿರಲಿಲ್ಲ. ನಮಗೆ ಅವರ ಬಗ್ಗೆ ಗೊತ್ತಿದ್ದುದು ಒಂದು ಉಗುರು.

ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಲವತ್ತು ವರ್ಷ ತರಗತಿ ನಡೆಸಿದ ದನಿಯಲ್ಲಿ, "ಹಾಜರಿ ಪಟ್ಟಿ ಈಗ ಯಾರ ಹತ್ರ ಇದೆ?" ಎಂದು ಕೇಳಿದರು.

"ನನ್ನ ಹತ್ರ."

"ಮತ್ತೆ ಸುಮ್ನೆ ಕೂತಿದೀಯಲ್ಲ? ಬರಿ."

ಚೀಲದಿಂದ ಕ್ಯಾಲೆಂಡರ್ ಹಾಳೆ ತೆಗೆದು ತೊಡೆಯ ಮೇಲೆ ಹರಡಿದೆ. ಗಡಿಯಾರ ನೋಡಿ ಏಳನೆಯ ಹೆಸರಿನ ಮುಂದೆ ಗಂಟೆ ನಿಮಿಷ ಬರೆದೆ. ಅತ್ತಿದ್ದಾರೆ ಎಂದು ಬರೆದೆ. ಬಾಗಿಲು ತಾವೇ ತೆರೆದರು ಎಂದು ಬರೆದೆ. ಕೊನೆಯ ಎರಡು ಪದ ಬರೆಯುವ ಮೊದಲು, ಸರಿಯೇ ಎಂದು ಕೇಳಲು ತಲೆಯೆತ್ತಿ ಅವರ ಮುಖ ನೋಡಿದೆ. ಟೀಚರಮ್ಮ ನನ್ನನ್ನೇ ನೋಡುತ್ತಿದ್ದರು.

"ಮೊದಲು ನೀನು ಹೇಳು," ಎಂದರು.